ಸಾಲಿನ ಕೊನೆಯ ತಕರಾರು: ಟೆಲಿಟೈಪ್‌ನಿಂದ ಗಿಟ್‌ವರೆಗೆ

ಕಡತಗಳ ಬದಲಾವಣೆಯ ಇತಿಹಾಸವನ್ನು ಕಾಯುವ ಗಿಟ್‌ನಂಥ ಆವೃತ್ತಿ ನಿಯಂತ್ರಣ ತಂತ್ರಾಂಶದಲ್ಲಿ, ಒಂದೇ ಸಾಲನ್ನು ತಿದ್ದಿ ಕಮಿಟ್ ಮಾಡಿದರೂ (ಬದಲಾವಣೆಯನ್ನು ದಾಖಲಿಸಿದರೂ), ಇಡೀ ಕಡತವನ್ನೇ ಅಳಿಸಿ ಹೊಸದಾಗಿ ಬರೆದಂತೆ ಡಿಫ್ (ಎರಡು ಆವೃತ್ತಿಗಳ ವ್ಯತ್ಯಾಸದ ಪಟ್ಟಿ) ತೋರಿಸುವುದುಂಟು. ತಂಡದಲ್ಲಿ ಕೆಲವರು ವಿಂಡೋಸ್, ಕೆಲವರು ಲಿನಕ್ಸ್ ಬಳಸುವಲ್ಲಿ ಇದಕ್ಕೆ ಸಾಮಾನ್ಯ ಕಾರಣವೆಂದರೆ ಸಾಲಿನ ಕೊನೆಯನ್ನು ಸೂಚಿಸುವ, ಕಣ್ಣಿಗೆ ಕಾಣದ ಬೈಟ್‌ಗಳು.

ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡುವ 1963ರ ಆಸ್ಕಿ ಮಾನಕದಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಸಂಕೇತಗಳಿದ್ದವು. ಮುದ್ರಣದ ತಲೆಯನ್ನು ಎಡ ಅಂಚಿಗೆ ಮರಳಿಸುವ ಕ್ಯಾರೇಜ್ ರಿಟರ್ನ್‌ನ ಸಂಖ್ಯೆ 13. ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವ ಲೈನ್ ಫೀಡ್‌ನದು 10. ಸೆಕೆಂಡಿಗೆ 10 ಅಕ್ಷರ ಮುದ್ರಿಸುತ್ತಿದ್ದ ಮಾಡೆಲ್ 33 ಟೆಲಿಟೈಪ್ ಎಂಬ ದೂರಮುದ್ರಕಕ್ಕೆ ಇವೆರಡೂ ಬೇಕಿದ್ದವು. ಯಂತ್ರದ ಈ ಅಗತ್ಯವನ್ನು ಸಾಧನದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ನೋಡಿಕೊಳ್ಳಲಿ, ಕಡತದೊಳಗೆ ಲೈನ್ ಫೀಡ್ ಒಂದೇ ಇರಲಿ ಎಂದು ಮಲ್ಟಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ತೀರ್ಮಾನಿಸಿತು. ಯುನಿಕ್ಸ್ ಅದನ್ನೇ ಅನುಸರಿಸಿತು. ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಸಿಪಿ/ಎಂ ಎರಡನ್ನೂ ಉಳಿಸಿಕೊಂಡಿತು, 1981ರ ಎಂಎಸ್-ಡಾಸ್ ಮತ್ತು ಆಮೇಲೆ ವಿಂಡೋಸ್ ಅದೇ ಹಾದಿಯಲ್ಲಿ ನಡೆದವು. ಕ್ಯಾರೇಜ್ ರಿಟರ್ನ್ ಒಂದನ್ನೇ ನೆಚ್ಚಿದ್ದ ಮ್ಯಾಕಿಂಟಾಶ್, 2001ರಲ್ಲಿ ಓಎಸ್ ಟೆನ್ ಬಂದಾಗ ಯುನಿಕ್ಸ್ ಪದ್ಧತಿಗೆ ಹೊರಳಿತು.

ಆವೃತ್ತಿ ನಿಯಂತ್ರಣ ತಂತ್ರಾಂಶಗಳು ಈ ಭಿನ್ನತೆಯನ್ನು ಬೇರೆ ಬೇರೆ ರೀತಿ ನಿಭಾಯಿಸಿವೆ. ಸಿವಿಎಸ್ ಎಲ್ಲ ಕಡತಗಳನ್ನೂ ಪಠ್ಯವೆಂದೇ ಭಾವಿಸಿ ಸಾಲಿನ ಕೊನೆಗಳನ್ನು ಬದಲಿಸುತ್ತಿದ್ದುದರಿಂದ, ಬೈನರಿ (ಪಠ್ಯವಲ್ಲದ್ದು) ಎಂದು ಗುರುತಿಸಲು ಮರೆತ ಚಿತ್ರಗಳು ವಿಂಡೋಸ್‌ನಲ್ಲಿ ಕೆಡುತ್ತಿದ್ದವು. ಸಬ್‌ವರ್ಷನ್ ಇದಕ್ಕೆ ವಿರುದ್ಧವಾಗಿ, ಕಡತಕ್ಕೆ ಇಒಎಲ್-ಸ್ಟೈಲ್ ಎಂಬ ಗುಣವನ್ನು ಅಂಟಿಸದ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ವಿವೇಕದ ನಿಲುವು, ಏಕೆಂದರೆ ಆ ಗುಣವೂ ಕಡತದ ಜೊತೆಗೇ ಭಂಡಾರದಲ್ಲಿ (ಯೋಜನೆಯ ಕಡತಗಳೂ ಅವುಗಳ ಇತಿಹಾಸವೂ ಇರುವ ಸಂಗ್ರಹದಲ್ಲಿ) ಉಳಿಯುತ್ತಿತ್ತು.

2005ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ಗಾಗಿ ಹುಟ್ಟಿದ ಗಿಟ್‌ಗೆ ಆರಂಭದಲ್ಲಿ ಈ ಚಿಂತೆಯೇ ಇರಲಿಲ್ಲ. ಅದು ಕಡತವನ್ನು ಗುರುತಿಸುವುದು ಅದರ ಬೈಟ್‌ಗಳಿಂದ ಲೆಕ್ಕ ಹಾಕಿದ ಹ್ಯಾಶ್ ಎಂಬ ಗುರುತಿನ ಸಂಖ್ಯೆಯ ಮೂಲಕ. ಒಂದು ಬೈಟ್ ಹೆಚ್ಚಾದರೂ ಅದು ಬೇರೆಯೇ ವಸ್ತು. ವಿಂಡೋಸ್ ಬಳಕೆದಾರರು ಬಂದ ಮೇಲೆ, 2007ರಲ್ಲಿ, ಆಟೋಸಿಆರ್‌ಎಲ್‌ಎಫ್ ಎಂಬ ಆಯ್ಕೆ ಸೇರಿತು. ಅದನ್ನು 'ಟ್ರೂ' ಎಂದಿಟ್ಟರೆ ಕಮಿಟ್ ಹೊತ್ತಿಗೆ ಕ್ಯಾರೇಜ್ ರಿಟರ್ನ್ ತೆಗೆದುಹಾಕಿ, ಚೆಕ್‌ಔಟ್ (ಭಂಡಾರದಿಂದ ಕಡತವನ್ನು ಹೊರತೆಗೆಯುವ) ಹೊತ್ತಿಗೆ ಮರಳಿ ಸೇರಿಸುತ್ತದೆ. 'ಇನ್‌ಪುಟ್' ಎಂದರೆ ತೆಗೆಯುವುದಷ್ಟೇ. ತೊಂದರೆಯೆಂದರೆ ಈ ಆಯ್ಕೆ ಇರುವುದು ಒಬ್ಬೊಬ್ಬರ ಯಂತ್ರದಲ್ಲಿ. ತಂಡದಲ್ಲಿ ಒಬ್ಬರು ಅದನ್ನು ಹೊಂದಿಸದಿದ್ದರೂ ಭಂಡಾರಕ್ಕೆ ಎರಡು ಬಗೆಯ ಸಾಲುಗಳು ಸೇರುತ್ತವೆ. ಪರಿಣಾಮ ಡಿಫ್‌ಗೆ ಮಾತ್ರ ಸೀಮಿತವಲ್ಲ: ವಿಂಡೋಸ್‌ನಲ್ಲಿ ಚೆಕ್‌ಔಟ್ ಆದ, ಆದೇಶಗಳನ್ನು ಸಾಲುಸಾಲಾಗಿ ಬರೆದ ಶೆಲ್ ಸ್ಕ್ರಿಪ್ಟ್‌ ಅನ್ನು ಲಿನಕ್ಸ್ ಕಂಟೇನರ್‌ಗೆ (ಪ್ರತ್ಯೇಕಿಸಿದ ಲಿನಕ್ಸ್ ಪರಿಸರಕ್ಕೆ) ನಕಲಿಸಿದಾಗ, ಮೊದಲ ಸಾಲಿನ ಕೊನೆಯ ಕ್ಯಾರೇಜ್ ರಿಟರ್ನ್ ಕೂಡ ಅಲ್ಲಿ ಬರೆದಿರುವ ಇಂಟರ್‌ಪ್ರಿಟರ್‌ನ (ಸ್ಕ್ರಿಪ್ಟನ್ನು ನಡೆಸುವ ತಂತ್ರಾಂಶದ) ಹೆಸರಿನ ಭಾಗವೆಂದು ಕರ್ನಲ್ ತಿಳಿದು, ಅಂಥ ಕಡತವೇ ಇಲ್ಲವೆನ್ನುತ್ತದೆ.

ಗಟ್ಟಿಯಾದ ಪರಿಹಾರ ಬಂದದ್ದು 2010ರ ಗಿಟ್ 1.7.2ರಲ್ಲಿ. ಭಂಡಾರದಲ್ಲೇ ಇರುವ ಗಿಟ್‌ಆಟ್ರಿಬ್ಯೂಟ್ಸ್ ಕಡತದಲ್ಲಿ 'ಟೆಕ್ಸ್ಟ್' ಮತ್ತು 'ಇಒಎಲ್' ಗುಣಗಳನ್ನು ಬರೆಯುವ ಅವಕಾಶವನ್ನು ಅದು ಕೊಟ್ಟಿತು. ಎಲ್ಲ ಕಡತಗಳಿಗೂ 'ಟೆಕ್ಸ್ಟ್=ಆಟೋ' (ಪಠ್ಯವೋ ಅಲ್ಲವೋ ಎಂದು ಗಿಟ್ ತಾನೇ ನಿರ್ಧರಿಸಲಿ), ಶೆಲ್ ಸ್ಕ್ರಿಪ್ಟ್‌ಗಳಿಗೆ ಲೈನ್ ಫೀಡ್, ವಿಂಡೋಸ್ ಬ್ಯಾಚ್ ಕಡತಗಳಿಗೆ ಜೋಡಿ ಸಂಕೇತ, ಚಿತ್ರಗಳಿಗೆ 'ಬೈನರಿ' ಎಂದು ಒಮ್ಮೆ ಬರೆದಿಟ್ಟರೆ, ಭಂಡಾರವನ್ನು ಕ್ಲೋನ್ (ನಕಲು) ಮಾಡಿದ ಪ್ರತಿಯೊಬ್ಬರಿಗೂ ಅದೇ ನಿಯಮ ಅನ್ವಯಿಸುತ್ತದೆ; ವೈಯಕ್ತಿಕ ಆಯ್ಕೆಗಿಂತ ಇದರ ಮಾತೇ ಮೇಲು. ಹೊಸ ಯೋಜನೆಯ ಮೊದಲ ಕಮಿಟ್‌ನಲ್ಲೇ ಈ ಕಡತ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಭಂಡಾರಗಳಲ್ಲಿ ಈಗಾಗಲೇ ಇರುವ ಸಾಲಿನ ಕೊನೆಗಳನ್ನು ಒಮ್ಮೆಗೇ ಶುದ್ಧೀಕರಿಸಲು ಗಿಟ್ 2.16 'ರೀನಾರ್ಮಲೈಸ್' ಆಯ್ಕೆಯನ್ನು ತಂದಿತು. ಆ ಶುದ್ಧೀಕರಣದ ಕಮಿಟ್‌ನಲ್ಲಿ ಬೇರಾವ ಬದಲಾವಣೆಯನ್ನೂ ಬೆರೆಸಬಾರದು. ಅದಾದ ಮೇಲೆ, ಪ್ರತಿ ಸಾಲನ್ನು ಕೊನೆಯದಾಗಿ ಬದಲಿಸಿದವರು ಯಾರೆಂದು ತೋರಿಸುವ ಬ್ಲೇಮ್ ತೆರೆದರೆ ಪ್ರತಿ ಸಾಲಿನ ಎದುರೂ ಶುದ್ಧೀಕರಣ ಮಾಡಿದವರ ಹೆಸರೇ ಕಾಣಿಸುತ್ತಿತ್ತು. 2019ರ ಗಿಟ್ 2.23ರಿಂದ ಈಚೆಗೆ, ಅಂಥ ಕಮಿಟ್‌ಗಳ ಹ್ಯಾಶ್‌ಗಳನ್ನು ಒಂದು ಕಡತದಲ್ಲಿ ಪಟ್ಟಿಮಾಡಿ ಕೊಟ್ಟರೆ, ಬ್ಲೇಮ್ ಅವುಗಳನ್ನು ದಾಟಿ ಆ ಸಾಲನ್ನು ನಿಜವಾಗಿ ಬರೆದವರ ಹೆಸರನ್ನು ತೋರಿಸಬಲ್ಲದು.