ಕಳಿಂಗ ಪ್ರಶಸ್ತಿ: ನೊಬೆಲ್ ಜೊತೆ ಕಲಸಿಕೊಳ್ಳದ ಹಾಗೆ ಓದುವುದು

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಯುನೆಸ್ಕೊ ಕಳಿಂಗ ಪ್ರಶಸ್ತಿಗೆ ಸಿಗುವುದು ಒಂದೇ ಸಾಲು: ವಿಜ್ಞಾನವನ್ನು ಜನಪ್ರಿಯಗೊಳಿಸಿದವರಿಗೆ ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿ. ಅದನ್ನು ಬಾಯಿಪಾಠ ಮಾಡುವುದು ಸುಲಭ. ಪುರಸ್ಕೃತರ ಪಟ್ಟಿಯನ್ನು ಮುಂದೆ ಇಟ್ಟುಕೊಂಡಾಗ ಕಷ್ಟ ಶುರುವಾಗುತ್ತದೆ. ಮೊದಲ ಹೆಸರೇ ಲೂಯಿ ಡಿ ಬ್ರಾಯ್, 1952. ಎಲೆಕ್ಟ್ರಾನ್‌ಗೆ ಅಲೆಯ ಗುಣವೂ ಇದೆ ಎಂದು ಹೇಳಿ 1929ರಲ್ಲೇ ಭೌತಶಾಸ್ತ್ರದ ನೊಬೆಲ್ ಪಡೆದವರು. ಇನ್ನೂ ಕೆಳಗೆ ಬಂದರೆ ಬರ್ಟ್ರಂಡ್ ರಸೆಲ್, ಕಾರ್ಲ್ ಫಾನ್ ಫ್ರಿಶ್, ಕೊನ್ರಾಡ್ ಲೊರೆಂಜ್. ಇಷ್ಟು ದೊಡ್ಡ ಹೆಸರುಗಳನ್ನು ನೋಡಿದ ಮೇಲೆ ಇದೂ ಸಂಶೋಧನೆಗೆ ಕೊಡುವ ಪ್ರಶಸ್ತಿಯೇ ಇರಬೇಕು ಅನ್ನಿಸುತ್ತದೆ, ಅಲ್ವಾ? ಅಲ್ಲ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ ಜಾಗ. ಹಾಗಾಗಿ ಟಿಪ್ಪಣಿಯ ಬಹುಪಾಲು ಇದರ ಸುತ್ತಲೇ ಇದೆ.

ಯಾರು ಕೊಡುತ್ತಾರೆ

ಪ್ರಶಸ್ತಿ ಕೊಡುವುದು ಯುನೆಸ್ಕೊ. ಅದರ ಕೇಂದ್ರ ಕಚೇರಿ ಪ್ಯಾರಿಸ್‌ನಲ್ಲಿದೆ. ದುಡ್ಡು ಬಂದದ್ದು ಒಡಿಶಾದಿಂದ. 1951ರಲ್ಲಿ ಬಿಜು ಪಟ್ನಾಯಕ್ ಕೊಟ್ಟ ದೇಣಿಗೆಯಿಂದ ಪ್ರಶಸ್ತಿ ಸ್ಥಾಪನೆಯಾಯಿತು. ಅವರ ಕಳಿಂಗ ಫೌಂಡೇಶನ್ ಟ್ರಸ್ಟ್‌ನ ಹೆಸರೇ ಪ್ರಶಸ್ತಿಗೂ ಬಂತು. ಸ್ಥಾಪನೆ 1951, ಮೊದಲ ಪ್ರದಾನ 1952. ಈ ಎರಡು ಇಸವಿಗಳನ್ನು ಬೇರೆ ಬೇರೆಯಾಗಿಯೇ ಬರೆದುಕೊಳ್ಳಿ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರು ಕೈ ಇಡುವುದು ಇಲ್ಲೇ.

ಇನ್ನೊಂದು ಮಾತು. ದೇಣಿಗೆ ಕೊಟ್ಟಾಗ ಪಟ್ನಾಯಕ್ ಒಡಿಶಾದ ಮುಖ್ಯಮಂತ್ರಿ ಆಗಿರಲಿಲ್ಲ. ಅವರು ಮೊದಲ ಸಲ ಮುಖ್ಯಮಂತ್ರಿಯಾದದ್ದು 1961ರಲ್ಲಿ. 1951ರಲ್ಲಿ ಅವರು ವಿಮಾನ ಕಂಪನಿ ನಡೆಸುತ್ತಿದ್ದ ಉದ್ಯಮಿ, ಸ್ವತಃ ಪೈಲಟ್. ಆದ್ದರಿಂದ 'ಒಡಿಶಾ ಮುಖ್ಯಮಂತ್ರಿ ಸ್ಥಾಪಿಸಿದ ಪ್ರಶಸ್ತಿ' ಎಂಬ ಆಯ್ಕೆ ಕಂಡರೆ ಅದಕ್ಕೆ ಟಿಕ್ ಹಾಕಬೇಡಿ. ಈಗ ಟ್ರಸ್ಟ್ ಜೊತೆಗೆ ಒಡಿಶಾ ಸರ್ಕಾರ ಮತ್ತು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಹಣ ಕೊಡುತ್ತವೆ.

ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷವಾಗಿದ್ದ ದೇಶದ ಒಬ್ಬ ಉದ್ಯಮಿ, ಇಡೀ ಜಗತ್ತಿನ ವಿಜ್ಞಾನ ಬರಹಗಾರರಿಗೆ ಪ್ರಶಸ್ತಿ ಇಡಬೇಕು ಎಂದು ಯೋಚಿಸಿದರಲ್ಲ, ಅದು ನನಗೆ ತುಂಬಾ ಹಿಡಿಸಿತು.

ನೊಬೆಲ್ ಎಲ್ಲಿ ಸೇರಿಕೊಳ್ಳುತ್ತದೆ

ನಿಯಮ ನೋಡಿದರೆ ವಿಷಯ ಸ್ಪಷ್ಟ. ಬರಹಗಾರ, ಸಂಪಾದಕ, ಉಪನ್ಯಾಸಕ, ರೇಡಿಯೊ ಅಥವಾ ಟಿವಿ ಕಾರ್ಯಕ್ರಮ ಮಾಡುವವರು, ಹೀಗೆ ಯಾವುದಾದರೂ ದಾರಿಯಿಂದ ವಿಜ್ಞಾನವನ್ನು ಜನರಿಗೆ ಬಿಡಿಸಿ ಹೇಳಿದವರಿಗೆ ಈ ಪ್ರಶಸ್ತಿ. ಏನು ಕಂಡುಹಿಡಿದಿರಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಕಂಡುಹಿಡಿದವರೇ ಚೆನ್ನಾಗಿ ಬಿಡಿಸಿಯೂ ಹೇಳಿದ್ದರೆ ಅವರಿಗೂ ಬರಬಹುದು. ಗೊಂದಲ ಹುಟ್ಟುವುದು ಇಲ್ಲಿಂದ.

ಇದನ್ನು ಬಿಡಿಸಿಕೊಳ್ಳಲು ಪ್ರತಿ ಹೆಸರಿನ ಮುಂದೆ ಎರಡು ಇಸವಿ ಬರೆಯಿರಿ, ಒಂದು ಕಳಿಂಗ, ಇನ್ನೊಂದು ನೊಬೆಲ್.

ಡಿ ಬ್ರಾಯ್: ನೊಬೆಲ್ 1929, ಕಳಿಂಗ 1952. ಇಪ್ಪತ್ತಮೂರು ವರ್ಷಗಳ ಅಂತರ. ಕಳಿಂಗ ಬಂದದ್ದು ಎಲೆಕ್ಟ್ರಾನ್ ಅಲೆಗಲ್ಲ. ಹೊಸ ಭೌತಶಾಸ್ತ್ರವನ್ನು ಸಾಮಾನ್ಯ ಓದುಗರಿಗಾಗಿ ಬರೆದದ್ದಕ್ಕೆ.

ರಸೆಲ್: ನೊಬೆಲ್ 1950, ಕಳಿಂಗ 1957. ಇವರ ನೊಬೆಲ್ ಸಾಹಿತ್ಯದ್ದು, ವಿಜ್ಞಾನದ್ದಲ್ಲ. ಇದನ್ನು ಅಡಿಗೆರೆ ಹಾಕಿಕೊಳ್ಳಿ.

ಫಾನ್ ಫ್ರಿಶ್: ಕಳಿಂಗ 1958, ನೊಬೆಲ್ 1973. ಲೊರೆಂಜ್: ಕಳಿಂಗ 1969, ನೊಬೆಲ್ 1973. ಈ ಇಬ್ಬರಲ್ಲಿ ಕ್ರಮವೇ ತಿರುಗಿದೆ. ನೊಬೆಲ್ ಸಮಿತಿ ಕರೆಯುವ ಮೊದಲೇ ಕಳಿಂಗ ಬಂದಿತ್ತು. ನೊಬೆಲ್ ಪಡೆದವರಿಗೆ ಮರ್ಯಾದೆಗೆಂದು ಸುಮ್ನೆ ಕೊಡುವ ಎರಡನೇ ಹಾರ ಇದಾಗಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. ನನಗೆ ವಿಷಯ ತಲೆಗೆ ಹೋದದ್ದು ಈ ಎರಡು ಹೆಸರುಗಳಿಂದ.

ಫಾನ್ ಫ್ರಿಶ್ ಮಾಡಿದ್ದನ್ನು ಒಂದು ಸಲ ಹತ್ತಿರದಿಂದ ನೋಡಿ. ಜೇನುಹುಳ ಹೂವು ಹುಡುಕಿ ಗೂಡಿಗೆ ವಾಪಸ್ ಬರುತ್ತದೆ. ಕತ್ತಲಲ್ಲಿ, ನೇರ ನಿಂತಿರುವ ಎರಿಯ ಮೇಲೆ, ಹೊಟ್ಟೆ ಅಲ್ಲಾಡಿಸುತ್ತ ಒಂದು ಗೆರೆಯಲ್ಲಿ ಓಡುತ್ತದೆ. ಸುತ್ತಿ ಬಂದು ಮತ್ತೆ ಅದೇ ಗೆರೆಯಲ್ಲಿ ಓಡುತ್ತದೆ. ಆ ಗೆರೆ ನೇರ ಮೇಲಕ್ಕಿದ್ದರೆ ಹೂವು ಸೂರ್ಯನ ದಿಕ್ಕಿಗಿದೆ ಎಂದರ್ಥ. ಮೇಲಿನಿಂದ 40 ಡಿಗ್ರಿ ಬಲಕ್ಕೆ ವಾಲಿದ್ದರೆ, ಹೂವು ಸೂರ್ಯನಿಂದ 40 ಡಿಗ್ರಿ ಬಲಕ್ಕಿದೆ. ಅಲ್ಲಾಡಿಸುತ್ತ ಓಡುವ ಹೊತ್ತು ಜಾಸ್ತಿಯಾದಷ್ಟೂ ಹೂವು ದೂರ. ಇದನ್ನು ಪತ್ತೆ ಹಚ್ಚಿದ್ದು ಸಂಶೋಧನೆ. ಪ್ರಯೋಗಾಲಯವನ್ನೇ ನೋಡದ ಓದುಗರಿಗೂ ಅರ್ಥವಾಗುವ ಹಾಗೆ ಅದನ್ನು ಬರೆದದ್ದು ಕಳಿಂಗದ ಕೆಲಸ. ಒಬ್ಬರೇ ಎರಡನ್ನೂ ಮಾಡಿದರು. ಹಾಗಾಗಿ ಎರಡು ಪ್ರಶಸ್ತಿ, ಎರಡು ಇಸವಿ.

ಇನ್ನೂ ಅನುಮಾನ ಇದ್ದರೆ 1963 ನೋಡಿ. ಪ್ರಶಸ್ತಿ ಪಡೆದ ಜಗಜಿತ್ ಸಿಂಗ್ ಭಾರತೀಯ ರೈಲ್ವೆಯ ಅಧಿಕಾರಿ. ಗಣಿತ ಮತ್ತು ವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ಬರೆದವರು. ಈ ಪ್ರಶಸ್ತಿ ಪಡೆದ ಮೊದಲ ಭಾರತೀಯರೂ ಅವರೇ. ಪ್ರಯೋಗಾಲಯದಲ್ಲಿ ಕೆಲಸ ಮಾಡದೆಯೂ ಈ ಪಟ್ಟಿಗೆ ಸೇರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಜೋಡಿ ಮಾಡಿ ನೆನಪಿಡುವುದು

ಉದ್ದ ಪಟ್ಟಿಯನ್ನು ಇಸವಿ ಕ್ರಮದಲ್ಲಿ ಓದಿದರೆ ಏನೂ ನಿಲ್ಲುವುದಿಲ್ಲ. ನಾನು ಜೋಡಿಗಳನ್ನು ಹುಡುಕಿದೆ. ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಅಪ್ಪ-ಮಗ: ರಿಚಿ ಕಾಲ್ಡರ್ 1960, ನೈಜೆಲ್ ಕಾಲ್ಡರ್ 1972. ಇಬ್ಬರೂ ಬ್ರಿಟನ್ನಿನ ವಿಜ್ಞಾನ ಬರಹಗಾರರು.

ಜೇನು-ಬಾತು: ಫಾನ್ ಫ್ರಿಶ್ ಜೇನುಹುಳದವರು. ಲೊರೆಂಜ್ ಬಾತಿನವರು. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿ ಮೊದಲು ಕಂಡದ್ದನ್ನೇ ತಾಯಿ ಎಂದು ಹಿಂಬಾಲಿಸುತ್ತದೆ ಎಂದು ತೋರಿಸಿದವರು.

ಗುರು-ಶಿಷ್ಯ: ಫ್ರೆಡ್ ಹಾಯ್ಲ್ 1967, ಜಯಂತ ನಾರ್ಳೀಕರ್ 1996. ಕೇಂಬ್ರಿಡ್ಜ್‌ನಲ್ಲಿ ನಾರ್ಳೀಕರ್ ಪಿಎಚ್‌ಡಿ ಮಾಡಿದ್ದು ಹಾಯ್ಲ್ ಕೈಕೆಳಗೆ. ವಿಶ್ವ ಹೇಗೆ ಶುರುವಾಯಿತು ಎಂದು ಹೇಳುವ ಸಿದ್ಧಾಂತಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರು ಬಂದದ್ದು 1949ರಲ್ಲಿ ಹಾಯ್ಲ್ ಬಿಬಿಸಿ ರೇಡಿಯೊದಲ್ಲಿ ಆಡಿದ ಮಾತಿನಿಂದ. ಆ ಸಿದ್ಧಾಂತವನ್ನು ಅವರು ಒಪ್ಪಿದವರಲ್ಲ. ಆದರೂ ಜನರ ಬಾಯಲ್ಲಿ ಉಳಿದದ್ದು ಅವರು ಕೊಟ್ಟ ಹೆಸರೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಆರ್ಥರ್ ಸಿ. ಕ್ಲಾರ್ಕ್ 1961 ಮತ್ತು ಯಶ್ ಪಾಲ್ 2009. ಭೂಮಿಯಿಂದ ನೋಡಿದರೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಂದ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು 1945ರಲ್ಲೇ ಬರೆದವರು ಕ್ಲಾರ್ಕ್. 1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತ ಅದನ್ನು ಹಳ್ಳಿಗಳಲ್ಲಿ ಮಾಡಿ ತೋರಿಸಿತು. ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಹೋಯಿತು. ಅದೇ ಸೈಟ್ ಯೋಜನೆ, ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಕರ್ನಾಟಕವೂ ಅದರಲ್ಲಿತ್ತು, ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯ ಹಳ್ಳಿಗಳಿಗೆ ಕನ್ನಡದಲ್ಲೇ ಕಾರ್ಯಕ್ರಮ ಬರುತ್ತಿತ್ತು. ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದವರು ಯಶ್ ಪಾಲ್. ಶ್ರೀಲಂಕಾದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಕೊಲಂಬೊ ಮನೆಗೂ ಇಸ್ರೋದವರು ಹೋಗಿ ಆಂಟೆನಾ ಕೂರಿಸಿ ಬಂದರು. ಮೂವತ್ತು ವರ್ಷ ಹಿಂದೆ ಬರೆದದ್ದನ್ನು ಅವರು ತಮ್ಮ ಮನೆಯಲ್ಲೇ ಕೂತು ನೋಡಿದರು. ಸೈಟ್ ಬಗ್ಗೆ ಬೇರೆ ಪ್ರಶ್ನೆಯೂ ಬರುತ್ತದೆ. ಹಾಗಾಗಿ ಈ ಜೋಡಿ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಭಾರತೀಯರು

1963 ಜಗಜಿತ್ ಸಿಂಗ್. 1991 ನರೇಂದ್ರ ಸೆಹಗಲ್, ಇನ್ನೊಬ್ಬರ ಜೊತೆ ಹಂಚಿಕೊಂಡರು. 1996 ನಾರ್ಳೀಕರ್. 1997 ಡಿ. ಬಾಲಸುಬ್ರಮಣಿಯನ್, ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು, 'ದಿ ಹಿಂದೂ' ಪತ್ರಿಕೆಯ ವಿಜ್ಞಾನ ಅಂಕಣಕಾರರು. 2009 ಯಶ್ ಪಾಲ್. 96, 97 ಬೆನ್ನುಬೆನ್ನಿಗೆ ಬಂದವು ಎಂದಿಟ್ಟುಕೊಂಡರೆ ಎರಡೂ ಒಟ್ಟಿಗೆ ನೆನಪಿಗೆ ಬರುತ್ತವೆ.

ನಾರ್ಳೀಕರ್ ಎಂದರೆ ಪುಣೆಯಲ್ಲಿರುವ ಖಗೋಳ ವಿಜ್ಞಾನದ ಐಯೂಕಾ ಕೇಂದ್ರದ ಸ್ಥಾಪಕ ನಿರ್ದೇಶಕರು, ಮರಾಠಿಯಲ್ಲಿ ವೈಜ್ಞಾನಿಕ ಕಥೆ ಬರೆದವರು. ಮಕ್ಕಳು ಆಟೋಗ್ರಾಫ್ ಕೇಳಿದರೆ ಅವರು ಪುಸ್ತಕಕ್ಕೆ ಸಹಿ ಹಾಕಿಕೊಡುತ್ತಿರಲಿಲ್ಲ. ಪೋಸ್ಟ್ ಕಾರ್ಡಿನಲ್ಲಿ ವಿಜ್ಞಾನದ ಒಂದು ಪ್ರಶ್ನೆ ಬರೆದು ಕಳಿಸು, ಉತ್ತರ ಬರೆದು ಕೆಳಗೆ ಸಹಿ ಹಾಕಿ ಕಳಿಸುತ್ತೇನೆ ಎನ್ನುತ್ತಿದ್ದರು. ಕಳಿಂಗ ಪ್ರಶಸ್ತಿ ಯಾವ ಕೆಲಸಕ್ಕೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಯಶ್ ಪಾಲ್ ಅವರನ್ನು ದೂರದರ್ಶನದ ವಿಜ್ಞಾನ ಕಾರ್ಯಕ್ರಮದಿಂದ ಹಿಂದಿನ ತಲೆಮಾರಿನವರು ಗುರುತು ಹಿಡಿಯುತ್ತಾರೆ. 1995ರ ಅಕ್ಟೋಬರ್ 24ರ ಪೂರ್ಣ ಸೂರ್ಯಗ್ರಹಣವನ್ನು ಟಿವಿಯಲ್ಲಿ ನೇರವಾಗಿ ವಿವರಿಸಿದವರೂ ಅವರೇ. ಶಾಲಾ ಮಕ್ಕಳ ಹೊರೆ ಇಳಿಸುವ ಬಗ್ಗೆ 1993ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಇವರೇ. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುವವರಿಗೆ ಇದು ಬೇಕಾಗುತ್ತದೆ.

ಉಳಿದ ಚೂರುಪಾರು

ಮೊದಲು ಪ್ರತಿ ವರ್ಷ ಕೊಡುತ್ತಿದ್ದರು. ಈಗ ಎರಡು ವರ್ಷಕ್ಕೊಮ್ಮೆ. ಹೆಸರು ಸೂಚಿಸುವುದು ಸದಸ್ಯ ದೇಶಗಳ ಸರ್ಕಾರ, ಅಲ್ಲಿನ ಯುನೆಸ್ಕೊ ರಾಷ್ಟ್ರೀಯ ಆಯೋಗದ ಮೂಲಕ. ಶುರುವಿನಲ್ಲಿ ಮೊತ್ತ 1,000 ಪೌಂಡ್ ಇತ್ತು, ಬೆಳೆಯುತ್ತ 40,000 ಡಾಲರ್‌ಗೆ ಬಂತು. ಜೊತೆಗೆ ಐನ್‌ಸ್ಟೈನ್ ಹೆಸರಿನ ಬೆಳ್ಳಿ ಪದಕ. ಇದಕ್ಕೆ ಹೊಂದಿಕೊಂಡು ಪುರಸ್ಕೃತರಿಗೆ ಕೊಡುವ ಗೌರವ ಸ್ಥಾನವಾದ 'ಕಳಿಂಗ ಪೀಠ'ವನ್ನು ಭಾರತ ಸರ್ಕಾರ 2001ರಲ್ಲಿ ಶುರು ಮಾಡಿತು, ಅಂದರೆ ಪ್ರಶಸ್ತಿಗೆ ಐವತ್ತು ತುಂಬಿದಾಗ.

ಕೊನೆಗೆ ಒಂದು ಹೇಳಿಕೆ, ಸರಿಯೋ ತಪ್ಪೋ ನೋಡಿ: 'ಯುನೆಸ್ಕೊದ ಮೊದಲ ಮಹಾನಿರ್ದೇಶಕರಾದ ಜೂಲಿಯನ್ ಹಕ್ಸ್‌ಲಿ ಕಳಿಂಗ ಪ್ರಶಸ್ತಿಯನ್ನು ಸ್ಥಾಪಿಸಿದರು.' ತಪ್ಪು. ಹಕ್ಸ್‌ಲಿ ಆ ಹುದ್ದೆಯಲ್ಲಿದ್ದದ್ದು 1946ರಿಂದ 1948ರವರೆಗೆ. ಪ್ರಶಸ್ತಿ ಬಂದದ್ದು 1951ರಲ್ಲಿ. ಆದರೆ ಅವರ ಹೆಸರು ಪಟ್ಟಿಯಲ್ಲಿ ಇದೆ, ಪುರಸ್ಕೃತರಾಗಿ, 1953ರಲ್ಲಿ.