ಕಾನು ನೋಡಲು ಬಗ್ಗಬೇಕು

ಸಾಗರದ ಕಡೆಯ ಒಂದು ಊರಿನವರು ತಮ್ಮ ದೇವರಕಾಡು ನೋಡಲು ಕರೆದಿದ್ದರು. ಇಂಥ ನಿತ್ಯಹಸಿರು ಕಾಡಿಗೆ ಈ ಕಡೆ ಕಾನು ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ತಂಪು. ಇಬ್ಬರು ಸೇರಿ ತಬ್ಬಿದರೂ ಸಾಲದ ಸಾಲುಧೂಪ, ಗುಳಮಾವು, ಹೆಬ್ಬಲಸು. "ನಮ್ಮ ಕಾನಿಗೆ ಯಾರೂ ಕೊಡಲಿ ಹಾಕಿಲ್ಲ ಸರ್. ಅಜ್ಜನ ಕಾಲದಲ್ಲಿ ಹೇಗಿತ್ತೋ ಹಾಗೇ ಇದೆ" ಎಂದರು ಜೊತೆಗಿದ್ದ ಹಿರಿಯರು, ನಾಯ್ಕರು.

ಅವರ ಮಾತು ಸುಳ್ಳಲ್ಲ. ಆದರೆ ನಾನು ನೆಲ ನೋಡುತ್ತಿದ್ದೆ. ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಗುಡಿಸಿ ನೆಲ ಅಂಗಳದ ಹಾಗಾಗಿತ್ತು. ಮೊಣಕಾಲೆತ್ತರದ ಸಸಿ ಒಂದೂ ಇಲ್ಲ. "ನಾಯ್ಕರೇ, ಈ ಮರಗಳ ಮರಿಗಳೆಲ್ಲಿ?" ಎಂದು ಕೇಳಿದೆ. ಅವರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಡಿನ ಗಿಡಗಳ ನರ್ಸರಿ ನನ್ನ ಕೆಲಸ. ಯಾವ ಕಾನಿಗೆ ಹೋದರೂ ನಾನು ಮೊದಲು ಹುಡುಕುವುದು ಮರಿಗಳನ್ನೇ. ಸೊರಬ, ಸಾಗರದಲ್ಲಿ ಹಿಂದೆ ಊರೂರಿಗೆ ಕಾನು ಇತ್ತು. ಕಾಳುಮೆಣಸು, ಬಗನಿ, ದಾಲ್ಚಿನ್ನಿ ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಬ್ರಾಂಡಿಸ್ ಎಂಬ ಅರಣ್ಯಾಧಿಕಾರಿ ಸೊರಬದ ಕಾನುಗಳ ಬಗ್ಗೆ 1868ರಲ್ಲೇ ವರದಿ ಬರೆದಿದ್ದರು. ಅವರ ಕಾಲಿಗೆ ಸಸಿಯಾಗಿ ತಾಗಿದ್ದೇ ಇವತ್ತು ನಾವು ತಬ್ಬಿ ನೋಡುವ ಮರ ಆಗಿರಬೇಕು. ಆಗ ಮರಿಗಳಿದ್ದವು, ಅದಕ್ಕೇ ಈಗ ಮರಗಳಿವೆ.

ಮರಿ ಇಲ್ಲ ಅಂದರೆ ಬೀಜದ ದಾರಿಯಲ್ಲಿ ಎಲ್ಲೋ ತೊಂದರೆ ಆಗಿದೆ ಎಂದೇ ಅರ್ಥ. ನಿತ್ಯಹಸಿರು ಕಾಡಿನ ಬಹಳಷ್ಟು ಮರಗಳ ಬೀಜ ಭತ್ತ, ರಾಗಿಯಂಥದ್ದಲ್ಲ. ಒಣಗಿಸಿ ಎತ್ತಿಟ್ಟು ಬೇಕಾದಾಗ ಬಿತ್ತಲು ಬರುವುದಿಲ್ಲ. ಒಣಗಿದರೆ ಒಳಗಿನ ಜೀವವೇ ಹೋಗುತ್ತದೆ. ಜಾಯಿಕಾಯಿಯ ಕುಲದ ರಾಮಪತ್ರೆ, ಸಾಲುಧೂಪ, ಹೈಗ ಎಲ್ಲ ಹೀಗೆಯೇ. ಕೆಲಸ ಶುರು ಮಾಡಿದ ಹೊಸದರಲ್ಲಿ ಎರಡು ಚೀಲ ರಾಮಪತ್ರೆ ಬೀಜ ತಂದು ಚಾಪೆಯ ಮೇಲೆ ಹರವಿ ಒಣಗಿಸಿದ್ದೆ. ಹದಿನೈದು ದಿನ ಬಿಟ್ಟು ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಒಡೆದು ನೋಡಿದರೆ ಒಳಗೆಲ್ಲ ಸುಕ್ಕು. ಆ ಮರಗಳ ಒಂದು ವರ್ಷದ ಬೀಜವನ್ನು ನಾನೇ ಹೊತ್ತು ತಂದು ಹಾಳು ಮಾಡಿದ್ದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ರಾಮಪತ್ರೆಯ ಕಾಯಿ ಒಡೆದಾಗ ಬೀಜದ ಸುತ್ತ ಕೆಂಪು ಪತ್ರೆ ಕಾಣುತ್ತದೆ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಬರುವುದು ಅದಕ್ಕೇ. ಬೀಜ ಸಮೇತ ನುಂಗಿ, ಪತ್ರೆ ಅರಗಿಸಿಕೊಂಡು, ಬೀಜವನ್ನು ಇನ್ನೆಲ್ಲೋ ಕಕ್ಕುತ್ತದೆ. ಅಷ್ಟು ದೊಡ್ಡ ಬೀಜ ನುಂಗುವ ಗಂಟಲಿರುವ ಹಕ್ಕಿಗಳು ನಮ್ಮ ಕಾಡಿನಲ್ಲಿ ಜಾಸ್ತಿ ಇಲ್ಲ. ಬೇಸಗೆಯಲ್ಲಿ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿ ಮೆತ್ತಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಸಣ್ಣ ಸಂದಿಯಿಂದ ಹಣ್ಣು ಕೊಡುತ್ತಾ ಇರುತ್ತದೆ. ಗೂಡಿನ ಮರದ ಬುಡ ನೋಡಿದರೆ ಗಂಡು ಯಾವ್ಯಾವ ಮರಕ್ಕೆ ಹೋಗಿ ಬಂತು ಅಂತ ಬೀಜಗಳೇ ಹೇಳುತ್ತವೆ. ಇಂಥ ಹಳೆಯ ಮರವನ್ನು ಟೊಳ್ಳು ಎಂದು ಕಡಿಯುತ್ತೇವೆ. ಟೊಳ್ಳಾಗಿರುವುದರಿಂದಲೇ ಅದು ಕಾಡಿಗೆ ಬೇಕು.

ಪತ್ರೆಗೆ ಪೇಟೆಯಲ್ಲಿ ಒಳ್ಳೆಯ ಬೆಲೆ ಇದೆ. ಇನ್ಯಾರೋ ಕೊಯ್ದುಬಿಟ್ಟಾರು ಎಂದು ಕಾಯಿ ಒಡೆಯುವ ಮೊದಲೇ ಕೊಂಬೆ ಕಡಿದು ಕೊಯ್ಯುವವರಿದ್ದಾರೆ. ಹೊಟ್ಟೆಪಾಡಿಗೆ ಮಾಡುವವರ ಮೇಲೆ ಸುಮ್ನೆ ಸಿಟ್ಟು ಮಾಡಿ ಏನು ಉಪಯೋಗ? ಊರಿನವರೇ ಕೂತು, ಇಂಥ ದಿನಕ್ಕಿಂತ ಮುಂಚೆ ಕೊಯ್ಯಬಾರದು, ಮರಕ್ಕೆ ಇಷ್ಟು ಬಿಡಬೇಕು ಎಂದು ಮಾತು ಮಾಡಿಕೊಂಡರೆ ಅದು ನಡೆಯುತ್ತದೆ. ಇನ್ನೊಂದು ವಿಷಯ. ರಾಮಪತ್ರೆಯಲ್ಲೂ ಉಪ್ಪಾಗೆಯಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ್ದು ಗೊಡ್ಡು ಎಂದು ಕಡಿದರೆ ಪಕ್ಕದ ಮರಕ್ಕೂ ಕಾಯಿ ಕಚ್ಚುವುದಿಲ್ಲ.

ಇನ್ನು ನೆಡುವ ವಿಚಾರ. ಮಳೆ ಶುರುವಾದ ಕೂಡಲೇ ಫೋನ್ ಬರುತ್ತದೆ. "ಸರ್, ಗುಡ್ಡ ಖಾಲಿ ಇದೆ, ಐನೂರು ಕಾಡುಗಿಡ ಬೇಕು." ನಾನು ಮೊದಲು ಗುಡ್ಡ ಎಂಥದ್ದು ಎಂದು ಕೇಳುತ್ತೇನೆ. ಅದು ಹುಲ್ಲು ಬೆಳೆಯುವ ಬ್ಯಾಣವಾದರೆ ಹುಲ್ಲನ್ನು ಹುಲ್ಲಾಗಿಯೇ ಬಿಡಿ ಎನ್ನುತ್ತೇನೆ. ಹುಲ್ಲಿಗೆ ಅದರದೇ ಹೂವು, ಹಕ್ಕಿ, ಹುಳುಗಳಿವೆ. ಬೋಳು ಗುಡ್ಡದಲ್ಲಿ ರಾಮಪತ್ರೆ ನೆಟ್ಟರೆ ಬದುಕುವುದೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ನಿಜ. ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆಮೇಲೆ ಬರುವ ಫೆಬ್ರವರಿ, ಮಾರ್ಚ್‌ನ ಬಿಸಿಲನ್ನು ನೆರಳಿನ ಗಿಡ ತಡೆಯುವುದು ಹೇಗೆ?

ನೆರಳು ಬೇಕು ಎಂದೇ ನಾನು ಹೇಳುವ ಒಂದು ಮಾತನ್ನು ಗೆಳೆಯರು ಕೆಲವರು ಒಪ್ಪುವುದಿಲ್ಲ. ಅಕೇಶಿಯಾ ನನಗೂ ಬೇಡ. ಎಲ್ಲಿಯದೋ ಆಸ್ಟ್ರೇಲಿಯಾದ ಮರ, ನಮ್ಮ ಗುಡ್ಡಗಳನ್ನೆಲ್ಲ ತುಂಬಿಕೊಂಡಿದೆ. ಆದರೆ ಒಂದೇ ಸಲಕ್ಕೆ ಬೋಳಿಸಬೇಡಿ. ಕಾನಿನ ಅಂಚಿನ ಹಳೆಯ ಅಕೇಶಿಯಾ ತೋಪಿನೊಳಗೆ ಹೋಗಿ ಬಗ್ಗಿ ನೋಡಿ. ಹಕ್ಕಿ ತಂದ ನೇರಳೆ, ಗುಳಮಾವಿನ ಸಸಿಗಳು ಆ ನೆರಳಲ್ಲೇ ಎದ್ದಿರುತ್ತವೆ. ಎಲ್ಲ ಕಡಿದರೆ ಅವು ಸುಟ್ಟುಹೋಗುತ್ತವೆ, ನೆಲದಲ್ಲಿದ್ದ ಅಕೇಶಿಯಾ ಬೀಜ ಬಿಸಿಲು ಕಂಡು ಮತ್ತೆ ಹುಟ್ಟುತ್ತದೆ. ಸಸಿ ಎತ್ತರ ಆದಂತೆ ಮೇಲಿನ ಮರಗಳನ್ನು ಒಂದೊಂದಾಗಿ ತೆಗೆಯಬೇಕು. ಹತ್ತಾರು ವರ್ಷದ ಕೆಲಸ ಇದು.

ನಾಯ್ಕರ ಊರಿನಲ್ಲಿ ಗಿಡ ನೆಡುವ ಮಾತನ್ನು ನಾನು ಎತ್ತಲಿಲ್ಲ. ಎರಡು ಎಕರೆಯಲ್ಲಿ ದರಗು ಗುಡಿಸುವುದು ನಿಲ್ಲಿಸಿ, ದನ ಬಿಡಬೇಡಿ ಎಂದೆ. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಗು ಬೇಕೇ ಬೇಕು ಅಲ್ವಾ? ಉಳಿದ ಕಡೆ ಗುಡಿಸುವುದು ಎಂದು ತೀರ್ಮಾನ ಆಯಿತು. ಮೂರನೇ ಮಳೆಗಾಲಕ್ಕೆ ಹೋದಾಗ ನಾಯ್ಕರೇ ಮುಂದೆ ನಡೆದು, ಕೂತು ಕೂತು ತೋರಿಸಿದರು. ಸಾಲುಧೂಪದ ಮರಿ ಕಾಲಿಡಲು ಜಾಗ ಇಲ್ಲದಷ್ಟು. ಹೈಗವೂ ಬಂದಿತ್ತು. ರಾಮಪತ್ರೆ ಮಾತ್ರ ಒಂದೂ ಇರಲಿಲ್ಲ. ಆ ಕಾನಿಗೆ ಮಂಗಟ್ಟೆ ಬರುವುದು ನಿಂತು ಬಹಳ ವರ್ಷವಾಯಿತಂತೆ.

ಹತ್ತು ಮೈಲಿ ಆಚೆಯ ಕಾನಿನಲ್ಲಿ ಇನ್ನೂ ಮಂಗಟ್ಟೆ ಇವೆ, ರಾಮಪತ್ರೆಯೂ ಇದೆ. ಈ ಸಲ ಅಲ್ಲಿಂದ ಸ್ವಲ್ಪ ಬೀಜ ಆರಿಸಿ ತಂದು ಹಳ್ಳದ ಬದಿ ಹಾಕುವುದೆಂದು ಮಾತಾಡಿಕೊಂಡಿದ್ದೇವೆ. ಒಂದು ಮರದಡಿ ಮೂರರಲ್ಲಿ ಒಂದು ಪಾಲು ಮಾತ್ರ. ಒದ್ದೆ ಗೋಣಿಯಲ್ಲಿ ಸುತ್ತಿ, ಅದೇ ದಿನ ಸಂಜೆಯೊಳಗೆ ಮಣ್ಣಿಗೆ.