ಟ್ಯಾಂಕ್ ಹೋದರೂ ಎಣ್ಣೆ ಹೋಗಲ್ಲ: ‘ಉಳಿಕೆ ಇಂಧನ ಮಾಲಿನ್ಯ’ ಅಂದರೇನು?

ಹಳೆ ಪೆಟ್ರೋಲ್ ಬಂಕ್ ಮುಚ್ಚಿದೆ. ನೆಲದಡಿಯ ಟ್ಯಾಂಕನ್ನು ಕ್ರೇನ್ ತಂದು ಎತ್ತಿದ್ದಾರೆ. ಗುಂಡಿಗೆ ಮಣ್ಣು ತುಂಬಿ ಸಮ ಮಾಡಿದ್ದಾರೆ. ನೋಡಿದರೆ ಖಾಲಿ ಸೈಟು, ಅಷ್ಟೇ. ಆದರೆ ಆ ಟ್ಯಾಂಕೋ ಅದರ ಪೈಪೋ ವರ್ಷಗಟ್ಟಲೆ ಹನಿ ಹನಿಯಾಗಿ ಸೋರಿದ್ದರೆ, ಸೋರಿದ ಎಣ್ಣೆ ಟ್ಯಾಂಕಿನ ಜೊತೆ ಲಾರಿ ಹತ್ತುವುದಿಲ್ಲ. ಮಣ್ಣಿನಲ್ಲೇ ಉಳಿಯುತ್ತದೆ. ಇದೇ ಉಳಿಕೆ ಇಂಧನ ಮಾಲಿನ್ಯ. ಅದು ಎಲ್ಲಿದೆ, ಎಷ್ಟಿದೆ, ಯಾರನ್ನು ತಲುಪಬಹುದು ಎಂದು ಪತ್ತೆ ಮಾಡುವುದು ಅದರ ಮೌಲ್ಯಮಾಪನ. ಈ ಮೂರರಲ್ಲಿ ‘ಎಷ್ಟಿದೆ’ ಎಂಬುದಕ್ಕೇ ಎಲ್ಲರೂ ಜೋತು ಬೀಳುತ್ತಾರೆ. ಉಳಿದೆರಡೇ ಹೆಚ್ಚು ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

ಸೋರಿದ ಪೆಟ್ರೋಲ್ ಮೊದಲು ನೇರ ಕೆಳಗಿಳಿಯುತ್ತದೆ. ಇಳಿಯುವ ದಾರಿಯಲ್ಲಿ ಮಣ್ಣಿನ ಕಣಗಳ ಸಂದಿಗಳಲ್ಲಿ ಸ್ವಲ್ಪ ಸ್ವಲ್ಪ ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯನ್ನು ಎಷ್ಟು ಹಿಂಡಿದರೂ ತೇವ ಉಳಿಯುತ್ತದಲ್ಲ, ಹಾಗೆ. ಈ ಸಿಕ್ಕಿಕೊಂಡ ಎಣ್ಣೆ ಪಂಪ್ ಹಾಕಿ ಎಳೆದರೂ ಬರುವುದಿಲ್ಲ. ಮಿಕ್ಕಿದ್ದು ಅಂತರ್ಜಲ ಮುಟ್ಟಿದಾಗ, ನೀರಿಗಿಂತ ಹಗುರವಾದ್ದರಿಂದ, ಅಲ್ಲೇ ಮೇಲ್ಮಟ್ಟದಲ್ಲಿ ನಿಂತು ಅಕ್ಕಪಕ್ಕಕ್ಕೆ ಹರಡುತ್ತದೆ.

ನೀರಿನ ಮಟ್ಟವೇನೋ ಒಂದೇ ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಇಳಿಯುತ್ತದೆ, ಮಳೆ ಬಂದರೆ ಏರುತ್ತದೆ. ಎಣ್ಣೆಯೂ ಅದರ ಜೊತೆ ಮೇಲೆ ಕೆಳಗೆ ಓಡಾಡಿ, ಮಧ್ಯದ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ತಪಾಸಣೆ ಎಡವುವುದು ಇಲ್ಲೇ. ಮಳೆಗಾಲದಲ್ಲಿ ತಪಾಸಣೆ ಬಾವಿಗೆ ಅಳತೆ ಕಡ್ಡಿ ಇಳಿಸಿದರೆ ಒಂದು ತೊಟ್ಟು ಎಣ್ಣೆಯೂ ಕಾಣದೆ ಇರಬಹುದು. ಏರಿದ ನೀರು ಅದನ್ನು ಮಣ್ಣಿನ ಸಂದಿಗಳಲ್ಲೇ ಮುಳುಗಿಸಿ ಹಿಡಿದಿರುತ್ತದೆ. ಅದೇ ಬಾವಿಯಲ್ಲಿ ಬೇಸಿಗೆಗೆ ನೀರು ಇಳಿದಾಗ ಎಣ್ಣೆ ಬಸಿದು ಬಂದು ದಪ್ಪ ಪದರವೇ ತೇಲಬಹುದು. ಹೊಸದಾಗಿ ಏನೂ ಸೋರಿರುವುದಿಲ್ಲ. ಹಾಗಾಗಿ ‘ಬಾವಿಯಲ್ಲಿ ಎಣ್ಣೆ ಇಲ್ಲ, ಜಾಗ ಶುದ್ಧ’ ಎಂದು ಒಂದೇ ಅಳತೆ ನೋಡಿ ಹೇಳುವ ವರದಿಯನ್ನು ಸುಮ್ನೆ ನಂಬಬಾರದು.

ಅದಕ್ಕೇ ಮಣ್ಣನ್ನೇ ತೆಗೆದು ನೋಡುತ್ತಾರೆ. ಟ್ಯಾಂಕ್ ಇದ್ದ ಗುಂಡಿಯ ತಳ, ಪೈಪು ಹಾದುಹೋದ ದಾರಿ, ಪೆಟ್ರೋಲ್ ಹಾಕುವ ಯಂತ್ರ ನಿಂತಿದ್ದ ಜಾಗ, ಇವು ಮೊದಲು ಕೊರೆಯುವ ಕಡೆಗಳು. ಎಷ್ಟೋ ಸಲ ಟ್ಯಾಂಕ್ ಗಟ್ಟಿಯಾಗಿಯೇ ಇರುತ್ತದೆ, ಸೋರಿದ್ದು ಪೈಪಿನ ಜಾಯಿಂಟು. ಕೊರೆದು ತೆಗೆದ ಮಣ್ಣಿನ ಕಂಬವನ್ನು ಉದ್ದಕ್ಕೆ ಸೀಳಿ ಮಲಗಿಸುತ್ತಾರೆ. ಕಂದು ಮಣ್ಣಿನ ನಡುವೆ ಒಂದು ಕಡೆ ಬೂದು ಬಣ್ಣದ ಪಟ್ಟಿ ಕಾಣುತ್ತದೆ, ಹಳೆ ಪೆಟ್ರೋಲಿನ ಘಾಟು ಬರುತ್ತದೆ. ಆ ಭಾಗದ ಒಂದು ಹಿಡಿ ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಸ್ವಲ್ಪ ಹೊತ್ತು ಬೆಚ್ಚಗೆ ಬಿಡುತ್ತಾರೆ. ಆಮೇಲೆ ಆವಿ ಅಳೆಯುವ ಮೀಟರಿನ ಮೂತಿಯನ್ನು ಚೀಲದೊಳಕ್ಕೆ ತೂರಿಸಿ ಅಂಕಿ ಬರೆದುಕೊಳ್ಳುತ್ತಾರೆ. ಅಂಕಿ ಜಾಸ್ತಿ ಬಂದ ಆಳದ ಮಣ್ಣು ಲ್ಯಾಬಿಗೆ ಹೋಗುತ್ತದೆ. ಮೂಗು ನಂಬಿ ಕೂರುವಂತಿಲ್ಲ, ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ ಅಲ್ವಾ.

ಲ್ಯಾಬಿನವರು ಪೆಟ್ರೋಲಿನಲ್ಲಿ ಮುಖ್ಯವಾಗಿ ಹುಡುಕುವುದು ಬೆಂಜೀನ್, ಟೊಲ್ಯೂನ್, ಇಥೈಲ್ ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕನ್ನು. ಬೆಂಜೀನಿಗೆ ಹೆಚ್ಚು ಹೆದರುತ್ತಾರೆ. ಅದು ಕ್ಯಾನ್ಸರ್ ತರುತ್ತದೆ, ನೀರಿನಲ್ಲಿ ಉಳಿದವುಗಳಿಗಿಂತ ಹೆಚ್ಚು ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅಂದರೆ ಒಂದು ಗ್ರಾಂ ಬೆಂಜೀನ್ ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಡೀಸೆಲಿನಲ್ಲಿ ಬೆಂಜೀನ್ ತೀರಾ ಕಡಿಮೆ, ಅಲ್ಲಿ ನ್ಯಾಫ್ತಲೀನಿನಂಥವನ್ನು ನೋಡುತ್ತಾರೆ. ಜಾಗ ತುಂಬ ಹಳೆಯದಾದರೆ ಸೀಸವನ್ನೂ ಹುಡುಕಬೇಕು, ಆಗಿನ ಪೆಟ್ರೋಲಿಗೆ ಅದನ್ನು ಬೆರೆಸುತ್ತಿದ್ದರು.

ಇಷ್ಟಾದರೂ ಅಂಕಿಗಳಿಂದಲೇ ಅಪಾಯ ತಿಳಿಯುವುದಿಲ್ಲ. ಎಣ್ಣೆಗೆ ಹೊರಬರುವ ದಾರಿ ಇದೆಯೇ, ದಾರಿಯ ಕೊನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಬೇಕು. ನೀರು ಹರಿಯುವ ದಿಕ್ಕಿನಲ್ಲಿ ಕುಡಿಯುವ ನೀರಿನ ಬೋರ್ ಇದ್ದರೆ ಅದೊಂದು ದಾರಿ. ಮಣ್ಣಿನಿಂದ ಏಳುವ ಆವಿ ಮೇಲಿನ ಕಟ್ಟಡದೊಳಗೆ ನುಸುಳುವುದು ಇನ್ನೊಂದು. ಆವಿಯ ವಿಷಯದಲ್ಲಿ ಸೂಕ್ಷ್ಮಜೀವಿಗಳು ನಮ್ಮ ಕಡೆ ಇವೆ. ಆಮ್ಲಜನಕ ಸಿಕ್ಕಿದರೆ ಪೆಟ್ರೋಲಿನ ಆವಿಯನ್ನು ಕೆಲವೇ ಅಡಿಗಳಲ್ಲಿ ತಿಂದು ಮುಗಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2015ರ ಮಾರ್ಗದರ್ಶಿ ಇದೇ ಲೆಕ್ಕದ ಮೇಲೆ ನಿಂತಿದೆ. ಎಣ್ಣೆ ಎಣ್ಣೆಯಾಗಿಯೇ ಉಳಿದಿರುವಲ್ಲಿ, ಅದಕ್ಕೂ ಕಟ್ಟಡಕ್ಕೂ ನಡುವೆ 15 ಅಡಿ ಶುದ್ಧ ಮಣ್ಣು ಇರಬೇಕು ಎನ್ನುತ್ತದೆ ಅದು.

ನೀರಿನೊಳಗೂ ಇವೇ ಜೀವಿಗಳು ಕೆಲಸ ಮಾಡುತ್ತವೆ, ನಿಧಾನವಾಗಿ. ಆಮ್ಲಜನಕ ಮುಗಿದ ಮೇಲೆ ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸುತ್ತವೆ, ಕೊನೆಗೆ ಮೀಥೇನ್ ಬಿಡುತ್ತವೆ. ಬಾವಿ ನೀರಿನಲ್ಲಿ ಆಮ್ಲಜನಕ ಇಳಿದು ಮೀಥೇನ್ ಏರಿದ್ದರೆ ಒಳಗೆ ಊಟ ನಡೆದಿದೆ ಎಂದರ್ಥ. ಬೆಂಜೀನ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದು, ಹತ್ತಿರದಲ್ಲಿ ಬೋರ್ ಇಲ್ಲದಿದ್ದರೆ, ಅಗೆದು ತೆಗೆಯದೆ ಹಾಗೇ ಬಿಟ್ಟು ಗಮನಿಸುವುದೂ ಒಪ್ಪತಕ್ಕ ದಾರಿ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ಅಳತೆ ನಿಲ್ಲಿಸಿದರೆ ಮಾತ್ರ ಅದು ಸೋಮಾರಿತನ.

ಹೀಗೆ ಬಿಟ್ಟ ಜಾಗಕ್ಕೆ ಷರತ್ತುಗಳು ಅಂಟಿಕೊಂಡೇ ಇರುತ್ತವೆ. ಇಲ್ಲಿ ಬೋರ್ ಕೊರೆಯಬಾರದು, ನೆಲಮಾಳಿಗೆ ಕಟ್ಟುವುದಾದರೆ ಮತ್ತೆ ಆವಿ ಅಳೆಯಬೇಕು, ಅಗೆದ ಮಣ್ಣನ್ನು ಪರೀಕ್ಷಿಸದೆ ಹೊರಗೆ ಸಾಗಿಸಬಾರದು ಎಂಬಂಥವು. ಜಾಗ ಕೊಳ್ಳುವವರು ಕೇಳಬೇಕಾದ ಕಾಗದ ಇದು. ಅದರ ಜೊತೆ ಬಾವಿಯ ಅಳತೆಗಳು ಯಾವ ಯಾವ ತಿಂಗಳಲ್ಲಿ ತೆಗೆದವು ಎಂದೂ ನೋಡಿಕೊಳ್ಳಿ.